ಸೈನಿಕರ ಮನಸ್ಸನ್ನು ಓದುವವರು

ಬೇರಿಕೆಯ ಅಂಗಡಿಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರರಲ್ಲೂ ವ್ಯಾಪಾರ ನಡೆಯುತ್ತದೆ. ಸಾಲ ಕೇಳಲು ಬಂದವನು ಹಿಂತಿರುಗಿಸುವವನೋ ಅಲ್ಲವೋ ಎಂದು ಮುಖ ನೋಡಿಯೇ ಹೇಳಬಲ್ಲ ಹಿರಿಯರು ಅಲ್ಲಿದ್ದಾರೆ. ಅಂಥ ಒಬ್ಬರು ಈಚೆಗೆ ನಮ್ಮೊಡನೆ ಚಿಂತೆ ತೋಡಿಕೊಂಡರು. ಪ್ಲಸ್ ಟು ಮುಗಿಸಿದ ಮಗಳಿಗೆ ಬಿ.ಕಾಂ. ಬೇಡವಂತೆ. ಮನಶ್ಶಾಸ್ತ್ರ ಓದಿ ಸೈನ್ಯಕ್ಕಾಗಿ ಕೆಲಸ ಮಾಡಬೇಕಂತೆ. "ನೀರು ಸೋಸಿ ಕುಡಿಯುವ ಮನೆಯ ಹುಡುಗಿಗೆ ಸೈನ್ಯದಲ್ಲೇನು ಕೆಲಸ?" ಎಂದರು.

ಕೆಲಸವಿದೆ, ಅದೂ ಬಂದೂಕು ಮುಟ್ಟದ ಕೆಲಸ. ಅಧಿಕಾರಿಗಳನ್ನು ಆರಿಸುವ ಸರ್ವಿಸಸ್ ಸೆಲೆಕ್ಷನ್ ಬೋರ್ಡಿನಲ್ಲಿ ಮೂವರು ಪರೀಕ್ಷಕರು: ಮನಶ್ಶಾಸ್ತ್ರಜ್ಞ, ಸಂದರ್ಶಕ, ಗುಂಪು ಚಟುವಟಿಕೆ ನೋಡುವ ಅಧಿಕಾರಿ. ಮೂವರೂ ಬೇರೆ ಬೇರೆಯಾಗಿ ತೂಗುತ್ತಾರೆ. ಇದಕ್ಕೆ ಅವರಿಟ್ಟ ಹೆಸರು "ಮನಸಾ, ವಾಚಾ, ಕರ್ಮಣಾ". ಮನ ವಚನ ಕಾಯಗಳೆಂದು ದಿನವೂ ಹೇಳುವ ನಮಗೆ ಇದು ಹೊಸದೇನಲ್ಲ.

ಮನಶ್ಶಾಸ್ತ್ರಜ್ಞ ಸಾಮಾನ್ಯವಾಗಿ ಅಭ್ಯರ್ಥಿಯ ಮುಖ ನೋಡುವುದಿಲ್ಲ, ಬರಹವನ್ನಷ್ಟೇ ಓದುತ್ತಾನೆ. ಮಸುಕು ಚಿತ್ರ 30 ಸೆಕೆಂಡು ಕಾಣಿಸುತ್ತದೆ, 4 ನಿಮಿಷದಲ್ಲಿ ಕಥೆ ಬರೆಯಬೇಕು. ಇಂಥ 12ರಲ್ಲಿ ಕೊನೆಯದು ಖಾಲಿ. ಮುಂದೆ 60 ಪದಗಳು, ಒಂದೊಂದಕ್ಕೆ 15 ಸೆಕೆಂಡು. ಆಮೇಲೆ 60 ಸಂದರ್ಭಗಳು, 30 ನಿಮಿಷ. ಯೋಚಿಸಿ ನಟಿಸಲು ಸಮಯವೇ ಇರಬಾರದೆಂಬುದು ಉದ್ದೇಶ. ಕೋಚಿಂಗಿನಲ್ಲಿ ಉರು ಹೊಡೆದ ಉತ್ತರಗಳು ಸಿಕ್ಕಿಬೀಳುವುದು ಇಲ್ಲೇ.

ಭಾರತದಲ್ಲಿ ಈ ಪದ್ಧತಿ 1943ರಲ್ಲಿ ಡೆಹರಾಡೂನಿನಲ್ಲಿ ಪ್ರಯೋಗವಾಗಿ ಬಂತು. 1949ರಲ್ಲಿ ಆರಂಭವಾದ ಸೈಕಲಾಜಿಕಲ್ ರಿಸರ್ಚ್ ವಿಂಗ್ 1982ರಲ್ಲಿ ದೆಹಲಿಯ ಡಿ.ಐ.ಪಿ.ಆರ್. ಸಂಸ್ಥೆಯಾಯಿತು. ಬೋರ್ಡಿನ ಪರೀಕ್ಷಕರಿಗೆ ತರಬೇತಿ ಕೊಟ್ಟದ್ದು ಇದೇ ಸಂಸ್ಥೆ. ನಮ್ಮ ಹತ್ತಿರವೇ ಬೆಂಗಳೂರಿನಲ್ಲಿ ಸೆಲೆಕ್ಷನ್ ಸೆಂಟರ್ ಇದೆ, ಮೈಸೂರಿನಲ್ಲಿ ವಾಯುಪಡೆಯ ಬೋರ್ಡಿದೆ. 1957ರಲ್ಲಿ ಆರಂಭವಾದ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ 2019ರಲ್ಲಿ ಗಗನಯಾನದ ಪೈಲಟ್‌ಗಳ ಮನಸ್ಸನ್ನೂ ಪರೀಕ್ಷಿಸಿದರು.

ಇನ್ನು ಓದು. "ಮಿಲಿಟರಿ ಸೈಕಾಲಜಿ" ಎಂಬ ಬೋರ್ಡು ಹುಡುಕುತ್ತಾ ಅಲೆಯಬೇಡಿ. ಪದವಿಯಲ್ಲಿ ಮನಶ್ಶಾಸ್ತ್ರ, ಆಮೇಲೆ ಎಂ.ಎ. ಅಥವಾ ಎಂ.ಎಸ್‌ಸಿ. ಮೈಸೂರು ವಿಶ್ವವಿದ್ಯಾನಿಲಯದ ವಿಭಾಗ 1924ರಷ್ಟು ಹಳೆಯದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ "ಆಕಾಶವಾಣಿ" ಎಂಬ ಬಾನುಲಿ ನಿಲಯವನ್ನೂ ತೆರೆದವರು! ಡಿ.ಆರ್.ಡಿ.ಒ. ವಿಜ್ಞಾನಿಯಾಗಬೇಕೆಂದರೆ ಅದರ ನೇಮಕಾತಿ ಕೇಂದ್ರದ ಜಾಹೀರಾತು ಕಾಯಬೇಕು. ಮನಶ್ಶಾಸ್ತ್ರಕ್ಕೆ ಸ್ಥಾನಗಳು ಕಡಿಮೆ, ಇದನ್ನು ಮುಚ್ಚಿಡುವುದು ತಪ್ಪು. ಚಿಕಿತ್ಸೆಯ ಕಡೆ ಒಲವಿದ್ದರೆ ನಿಮ್ಹಾನ್ಸ್‌ನಂಥಲ್ಲಿ ಕ್ಲಿನಿಕಲ್ ಸೈಕಾಲಜಿ ತರಬೇತಿ, ಆಮೇಲೆ ಪುನರ್ವಸತಿ ಮಂಡಳಿಯ ನೋಂದಣಿ. ಎಂ.ಫಿಲ್. ಪದವಿಯ ನಿಯಮಗಳು ಬದಲಾಗುತ್ತಿವೆ, ಸೇರುವ ವರ್ಷದ ಸೂಚನೆ ಓದಿಯೇ ಹಣ ಕಟ್ಟಿ. ಸೈನ್ಯದ ಮನೋವೈದ್ಯರಾಗಬೇಕಾದರೆ ಎಂ.ಬಿ.ಬಿ.ಎಸ್. ಬೇಕು, ಅದು ಬೇರೆ ದಾರಿ. ಮೊದಲ ರುಚಿಗೆ ಡಾ. ಎಂ. ಶಿವರಾಂ ಅವರ "ಮನಮಂಥನ", ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳನ್ನು ಮನೆಗೆ ತನ್ನಿ.

ಅಹಿಂಸೆಯ ಪ್ರಶ್ನೆ ಉಳಿಯಿತು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿ. ಗೃಹಸ್ಥನ ಅಣುವ್ರತ ಬೇರೆ, ಮುನಿಯ ಮಹಾವ್ರತ ಬೇರೆ. ಗಡಿಯಿಂದ ನಿದ್ದೆಗೆಟ್ಟು ಬಂದ ಜವಾನನ ಮಾತು ಕೇಳುವುದು ಹಿಂಸೆಯಲ್ಲವೆಂದು ನಮ್ಮ ಅಭಿಪ್ರಾಯ. ಯಜಮಾನರು ಪೂರ್ತಿ ಒಪ್ಪಲಿಲ್ಲ. ಆದರೆ ಸೂರ್ಯಾಸ್ತದ ಮೊದಲು ಊಟ ಸಿಗುವ ಹಾಸ್ಟೆಲ್ ಬೆಂಗಳೂರಿನಲ್ಲಿ ಎಲ್ಲಿದೆ ಎಂದು ಮರುದಿನವೇ ವಿಚಾರಿಸಿದರು.