ಗರಿಯ ನೀಲಿ, ಮೋಡದ ಬೆಳಕು

ಸಿಡ್ನಿ ಮಹಾನಗರದ ನೈಋತ್ಯ ಭಾಗದ ಲಿವರ್‌ಪೂಲ್ ಬಳಿ, ಜಾರ್ಜಸ್ ನದಿಗೆ ಹೊಂದಿಕೊಂಡು ಚಿಪ್ಪಿಂಗ್ ನಾರ್ಟನ್ ಕೆರೆಗಳಿವೆ. ಹಿಂದೆ ಮರಳು ತೆಗೆದ ಗುಂಡಿಗಳಲ್ಲಿ ಈಗ ನೀರು ತುಂಬಿದೆ, ದಂಡೆಯಲ್ಲಿ ಗಿಡ ಬೆಳೆದಿದೆ, ಹಕ್ಕಿಗಳು ಬಂದಿವೆ. ಅಲ್ಲಿನ ಪೊದೆಗಳಲ್ಲಿ ಕಾಣಸಿಗುವ ಸೂಪರ್ಬ್ ಫೇರಿರೆನ್ ನಮ್ಮ ಟುವ್ವಿ ಹಕ್ಕಿಯಷ್ಟೇ ಪುಟ್ಟದು; ಬಾಲ ನಿಮಿರಿಸಿಕೊಂಡು ಕುಪ್ಪಳಿಸುವ ಗತ್ತೂ ಅದರದ್ದೇ. ಮರಿ ಮಾಡುವ ಕಾಲದಲ್ಲಿ ಗಂಡಿನ ನೆತ್ತಿ, ಕೆನ್ನೆಗಳಿಗೆ ಹೊಳೆಯುವ ನೀಲಿ ಬರುತ್ತದೆ, ಅದಕ್ಕೆ ಅಂಟಿಕೊಂಡೇ ಮಖಮಲ್ಲಿನಂಥ ಕಪ್ಪು. ಈ ಹಕ್ಕಿಯ ಹತ್ತು ಫೋಟೊಗಳನ್ನು ಸಾಲಾಗಿ ಇಟ್ಟು ನೋಡಿದರೆ ಆ ನೀಲಿ ಒಂದರಲ್ಲಿ ತಿಳಿ ಆಕಾಶ, ಇನ್ನೊಂದರಲ್ಲಿ ನೇರಳೆಯ ಕಡೆಗೆ, ಮತ್ತೊಂದರಲ್ಲಿ ಸುಣ್ಣಕ್ಕೆ ನೀಲಿ ಬೆರೆಸಿದಷ್ಟು ಪೇಲವ. ಇವುಗಳಲ್ಲಿ ಹಕ್ಕಿಯ ನಿಜವಾದ ಬಣ್ಣ ಯಾವುದು? ಬೆಳಕು ಯಾವ ದಿಕ್ಕಿನಿಂದ ಬಿತ್ತು ಎಂದು ಕೇಳದೆ ಇದಕ್ಕೆ ಉತ್ತರ ಹೇಳಲಾಗದು ಎಂಬುದು ನನ್ನ ವಾದ.

ಏಕೆಂದರೆ ಆ ಗರಿಯಲ್ಲಿ ನೀಲಿ ಬಣ್ಣದ ದ್ರವ್ಯವೇ ಇಲ್ಲ. ಅರೆದು ಪುಡಿ ಮಾಡಿದರೆ ನೀಲಿ ಪುಡಿ ಸಿಗುವುದಿಲ್ಲ. ಗರಿಯ ಎಳೆಯೊಳಗೆ ಕೆರಾಟಿನ್, ಅಂದರೆ ನಮ್ಮ ಉಗುರಿನಲ್ಲೂ ಇರುವ ಬಗೆಯ ಪ್ರೋಟೀನು, ಸ್ಪಂಜಿನಂತೆ ಸೂಕ್ಷ್ಮ ಗಾಳಿಗೂಡುಗಳನ್ನು ಕಟ್ಟಿಕೊಂಡಿರುತ್ತದೆ. ಆ ಗೂಡುಗಳ ಅಂತರ ನೀಲಿ ಬೆಳಕಿಗೆ ಹೊಂದುವುದರಿಂದ ನೀಲಿ ಹಿಂದಕ್ಕೆ ಪುಟಿಯುತ್ತದೆ. ಉಳಿದದ್ದನ್ನು ಅಡಿಯಲ್ಲಿರುವ ಕಪ್ಪು ಮೆಲನಿನ್ ಹೀರುತ್ತದೆ. ಈ ಗುಟ್ಟಿನ ಬೆನ್ನು ಹತ್ತಿದವರಲ್ಲಿ ಸರ್ ಸಿ.ವಿ. ರಾಮನ್ ಒಬ್ಬರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಅವರು ಮರುವರ್ಷವೇ ಹಕ್ಕಿಗಳ ಗರಿಯ ಬಣ್ಣದ ಮೂಲ ಕುರಿತು ಪ್ರಬಂಧ ಪ್ರಕಟಿಸಿದರು. ಅವರು ಪರೀಕ್ಷಿಸಿದ್ದು ಇಂದು ಕರ್ನಾಟಕದ ರಾಜ್ಯಪಕ್ಷಿಯಾಗಿರುವ ನೀಲಕಂಠದ ಗರಿಯನ್ನು. ಆಕಾಶ ನೀಲಿಯಾಗುವಂತೆಯೇ ಗರಿಯೂ ಬೆಳಕನ್ನು ಚದುರಿಸಿ ನೀಲಿಯಾಗುತ್ತದೆ ಎಂಬ ಆಗಿನ ವಿವರಣೆ ಅವರಿಗೆ ಸಾಲದೆನಿಸಿತು. 1998ರಲ್ಲಿ ಪಕ್ಷಿವಿಜ್ಞಾನಿ ರಿಚರ್ಡ್ ಪ್ರಮ್ ಮತ್ತು ಸಂಗಡಿಗರು ಆ ಸ್ಪಂಜಿನ ಒಳರಚನೆಯಲ್ಲಿ ಒಂದು ಕ್ರಮವಿದೆ, ಚದುರಿದ ಅಲೆಗಳು ಒಂದಕ್ಕೊಂದು ಕೂಡಿಕೊಂಡು ಬಣ್ಣ ಕಟ್ಟುತ್ತವೆ ಎಂದು ತೋರಿಸಿದರು. ಛಾಯಾಗ್ರಾಹಕರಿಗೆ ಮುಖ್ಯವಾದ ಮಾತು ಇದರ ಮುಂದಿನದು. ಇಂಥ ಗರಿ ಸುತ್ತಲಿಂದ ಹರಡಿ ಬರುವ ಬೆಳಕಿನಲ್ಲಿ ಯಾವ ಕೋನದಿಂದ ನೋಡಿದರೂ ಹೆಚ್ಚುಕಡಿಮೆ ಒಂದೇ ಬಣ್ಣ ತೋರುತ್ತದೆ; ಒಂದೇ ದಿಕ್ಕಿನ ಬೆಳಕು ಬಿದ್ದರೆ ಕೋನಕ್ಕೆ ತಕ್ಕಂತೆ ಬಣ್ಣವೂ ಸರಿಯುತ್ತದೆ.

ಹಾಗಾಗಿ ಫ್ಲ್ಯಾಶ್ ನೆಚ್ಚಬಾರದು ಎಂದರೆ, ಅದರ ಬೆಳಕೂ ನಡುಹಗಲಿನ ಬಿಸಿಲಿನಂತೆ ಸುಮಾರು 5500 ಕೆಲ್ವಿನ್‌ನದೇ, ಅದರಲ್ಲಿ ಸುಳ್ಳೇನು ಎಂದು ಕೇಳಬಹುದು. ಬಿಳುಪು ಒಂದೇ ಇರಬಹುದು, ದಿಕ್ಕು ಒಂದೇ ಅಲ್ಲ. ಫ್ಲ್ಯಾಶ್ ಲೆನ್ಸಿನ ಪಕ್ಕದಿಂದಲೇ ಹೊರಟು ಅಲ್ಲಿಗೇ ಮರಳುತ್ತದೆ. ದಂಡೆಯಲ್ಲಿ ನಿಂತವರ ಕಣ್ಣಿಗೆ ಹಕ್ಕಿ ಎಂದೂ ಹಾಗೆ ಕಂಡಿರುವುದಿಲ್ಲ. ಹಾಗೆಂದು ಸಹಜ ಬೆಳಕೆಲ್ಲ ನಂಬಿಕಸ್ಥವಲ್ಲ. ಮೋಡವಿಲ್ಲದ ಬಿಸಿಲೂ ಒಂದೇ ದಿಕ್ಕಿನದು. ಏಪ್ರಿಲ್‌ನಲ್ಲಿ ಬೆಂಗಳೂರಿನ ನೆತ್ತಿಯ ಮೇಲೆ ನಿಲ್ಲುವ ಸೂರ್ಯ, ಜೂನ್‌ನ ಚಳಿಯಲ್ಲಿ ಲಿವರ್‌ಪೂಲ್‌ನಲ್ಲಿ ನಡುಮಧ್ಯಾಹ್ನಕ್ಕೂ ಉತ್ತರ ದಿಗಂತದಿಂದ 33 ಡಿಗ್ರಿಯಷ್ಟೇ ಏರುತ್ತಾನೆ. ಕರ್ನಾಟಕದಿಂದ ಹೋಗಿ ನೆಲೆಸಿದವರು ಮಧ್ಯಾಹ್ನ ಕ್ಯಾಮೆರಾ ಮುಟ್ಟಬಾರದೆಂಬ ಊರಿನ ಪಾಠವನ್ನು ಅಲ್ಲಿ ತಿದ್ದಿಕೊಳ್ಳಬೇಕು. ನೀಲಗಿರಿ ಮರದ ನೆರಳಿನಲ್ಲಿ ಬೆಳಕು ಹದವಾಗಿ ಹರಡಿದರೂ ಎಲೆಯ ಹಸಿರು ಬೆರೆತಿರುತ್ತದೆ. ಅಲ್ಲಿ ಕೂತ ಬಿಳಿ ಕಾಕಟೂವಿನ ಎದೆ ನೋಡಿದರೆ ಸಾಕು, ಎಷ್ಟು ಹಸಿರು ಎಂದು ತಿಳಿಯುತ್ತದೆ. ಹಾಗಾಗಿ ಬೆಳಕು ಹರಡಿಯೂ ಎಲೆಯ ಹಸಿರು ಬೆರೆಯದ ತೆಳು ಮೋಡದ ಬೆಳಗಿಗೆ ನನ್ನ ಮೊದಲ ಮಣೆ.

ಬಣ್ಣವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸಬಹುದಲ್ಲ ಎನ್ನುವವರೂ ಇದ್ದಾರೆ. ಕಾಕಟೂವಿನ ಹಸಿರು ಛಾಯೆಯನ್ನು ಹಾಗೆ ತೆಗೆಯಬಹುದು, ತೆಗೆಯಲೂಬೇಕು, ಏಕೆಂದರೆ ನಮ್ಮ ಮಿದುಳು ಸ್ಥಳದಲ್ಲೇ ಆ ಕೆಲಸ ಮಾಡಿರುತ್ತದೆ. ಆದರೆ ಉಕ್ಕಿ ಚೆಲ್ಲಿದ್ದನ್ನು ಮರಳಿ ತುಂಬಲಾಗದು. ಸಾಮಾನ್ಯ ಕ್ಯಾಮೆರಾದ ಸೆನ್ಸರಿನಲ್ಲಿ ಅರ್ಧ ಬಿಂದುಗಳು ಹಸಿರಿಗೆ, ಕಾಲು ಭಾಗ ಕೆಂಪಿಗೆ, ಕಾಲು ಭಾಗ ನೀಲಿಗೆ. ಫೇರಿರೆನ್‌ನ ಕೆನ್ನೆ ಬಿಸಿಲಿಗೆ ತಿರುಗಿದಾಗ ನೀಲಿಯ ಬಿಂದುಗಳು ಮೊದಲೇ ತುಂಬಿ ನಿಲ್ಲುತ್ತವೆ, ಹಸಿರಿನವು ಇನ್ನೂ ಏರುತ್ತಿರುತ್ತವೆ. ಆ ಸುಣ್ಣದ ನೀಲಿ ಹುಟ್ಟುವುದು ಹೀಗೆ. ಕಪ್ಪು ಗರಿಯ ವಿವರ ಸ್ವಲ್ಪ ಮುಳುಗಿದರೂ ಸರಿ, ಎಕ್ಸ್‌ಪೋಷರ್ ತಗ್ಗಿಸಿ ನೀಲಿಯನ್ನು ಉಳಿಸಿಕೊಳ್ಳುವುದೇ ಲೇಸು.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ಫೇರಿರೆನ್‌ಗೆ ನಮಗೆ ಕಾಣದ ನೇರಳಾತೀತ ಬೆಳಕೂ ಕಾಣುತ್ತದೆ, ಗಂಡಿನ ನೆತ್ತಿ ಅದನ್ನು ಚೆನ್ನಾಗಿಯೇ ಪ್ರತಿಫಲಿಸುತ್ತದೆ. ಕ್ಯಾಮೆರಾ ಅದನ್ನು ಬಹುಪಾಲು ತಡೆದುಬಿಡುತ್ತದೆ. ಹೆಣ್ಣು ಹಕ್ಕಿ ಕಾಣುವ ಗಂಡು ನಮ್ಮ ಯಾವ ಫೋಟೊದಲ್ಲೂ ಇಲ್ಲ. ಇದನ್ನು ಒಪ್ಪಲೇಬೇಕು. ಫೋಟೊ ನಿಷ್ಠವಾಗಿರಬಹುದಾದದ್ದು ಮನುಷ್ಯರ ಕಣ್ಣಿಗೆ, ಅದೂ ಒಂದು ದಿನದ ಒಂದು ಬೆಳಕಿಗೆ. ಆದ್ದರಿಂದ ಚಿತ್ರದ ಜೊತೆ ಹೊತ್ತು, ಮೋಡವಿತ್ತೋ ಬಿಸಿಲಿತ್ತೋ ಎಂಬುದು, ತಿಂಗಳು ಇವನ್ನು ಬರೆದಿಡಬೇಕು. ತಿಂಗಳನ್ನಂತೂ ಮರೆಯಬಾರದು: ಮರಿ ಮಾಡುವ ಕಾಲ ಮುಗಿದ ಮೇಲೆ ಬಹುಪಾಲು ಗಂಡುಗಳು ಗರಿ ಉದುರಿಸಿ ಹೆಣ್ಣಿನಂತೆ ಕಂದಾಗುತ್ತವೆ, ಬಾಲದಲ್ಲಿ ಮಾತ್ರ ಕಡುನೀಲಿ ಉಳಿದಿರುತ್ತದೆ.