ತಲೆಕೆಳಗೆ ನಿಂತವನ ಉಡದ ಪಟ್ಟು

ಕುಂದಾಪುರದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ ಹಾಯಿದೋಣಿಯಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದ ಸುದ್ದಿಯನ್ನು ಅವರು ಬಿಡದೆ ಓದಿದ್ದಾರಂತೆ. ‘ಬಿರುಗಾಳಿ, ಮುರಿದ ಹಾಯಿಕಂಬ, ಬೆನ್ನಿಗೆ ಪೆಟ್ಟು ಎಲ್ಲ ಅರ್ಥವಾಯಿತು ಸಾರ್. ಆದರೆ ದೋಣಿಯ ಅಡಿಗೆ ಚಿಪ್ಪು ಹತ್ತಿ ಕೆಲವರು ಹಿಂದೆ ಬಿದ್ದರು ಅಂತ ಬರೆದಿದ್ದರು. ಕಟ್ಟಿಹಾಕಿದ ದೋಣಿಗೆ ಚಿಪ್ಪು ಹತ್ತುವುದು ನಮ್ಮೂರಲ್ಲಿ ಯಾರಿಗೂ ಗೊತ್ತು. ಹಗಲೂ ರಾತ್ರಿ ಓಡುತ್ತಲೇ ಇರುವ ದೋಣಿಗೆ ಹತ್ತುವುದು ಹೇಗೆ?’

ಇಂಥ ಪ್ರಶ್ನೆ ಕೇಳುವವರಿದ್ದರೆ ಅಂಕಣ ಬರೆಯುವುದಕ್ಕೂ ಹುರುಪು ಬರುತ್ತದೆ. ಬಿರುಗಾಳಿಯ ಬಗ್ಗೆ ಬರೆಯಲು ಬೇಕಾದಷ್ಟು ಜನರಿದ್ದಾರೆ. ಚಿಪ್ಪಿನ ಪರವಾಗಿ ಮಾತಾಡುವವರೇ ಇಲ್ಲ.

ಅಭಿಲಾಷ್ ಭಾಗವಹಿಸಿದ ಗೋಲ್ಡನ್ ಗ್ಲೋಬ್ ಎಂಬುದು ಒಂಟಿ ನಾವಿಕರ ಸ್ಪರ್ಧೆ. ಎಲ್ಲೂ ನಿಲ್ಲದೆ, ಯಾರ ಸಹಾಯವನ್ನೂ ಪಡೆಯದೆ ಸುಮಾರು 30,000 ಮೈಲಿ ಸುತ್ತಿ ಬರಬೇಕು. ಮೊದಲ ಸ್ಪರ್ಧೆ ನಡೆದದ್ದು 1968ರಲ್ಲಿ. ಹೊರಟವರು ಒಂಬತ್ತು ಮಂದಿ, ಮುಗಿಸಿದವರು ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ. ಅವರ ದೋಣಿ ‘ಸುಹೈಲಿ’ ನಮ್ಮ ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಿದ್ದು. ಐವತ್ತು ವರ್ಷಗಳ ನಂತರ, 2018ರಲ್ಲಿ, ಅದೇ ಸ್ಪರ್ಧೆಯನ್ನು ಹಳೆಯ ಕಾಲದ ಕ್ರಮದಲ್ಲೇ ಮತ್ತೆ ಶುರು ಮಾಡಿದರು. ದೋಣಿ 32ರಿಂದ 36 ಅಡಿ ಮಾತ್ರ. ಜಿಪಿಎಸ್ ಇಲ್ಲ. ಸೂರ್ಯ, ನಕ್ಷತ್ರಗಳನ್ನು ಸೆಕ್ಸ್ಟಂಟಿನಲ್ಲಿ ಅಳೆದು ಕಾಗದದ ನಕ್ಷೆಯಲ್ಲಿ ಗುರುತು ಹಾಕಬೇಕು. ಮಳೆ ನೀರು ಹಿಡಿದು ಕುಡಿಯಬೇಕು.

ಆ ವರ್ಷ ಗೆದ್ದವರು 73ರ ಹರೆಯದ ಫ್ರೆಂಚ್ ನಾವಿಕ ಜಾನ್-ಲುಕ್ ವಾನ್ ಡೆನ್ ಹೀಡ್, ಸುಮಾರು 212 ದಿನಗಳಲ್ಲಿ. ಕೊನೆಯಲ್ಲಿ ಬಂದವರು ಫಿನ್ಲೆಂಡಿನ ತಾಪಿಯೊ ಲೆಹ್ಟಿನೆನ್, 322 ದಿನಗಳಲ್ಲಿ. ಇಬ್ಬರ ದೋಣಿಗಳ ಅಳತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಲೆಹ್ಟಿನೆನ್ ಅನನುಭವಿಯೂ ಅಲ್ಲ. ಅವರ ‘ಆಸ್ಟೀರಿಯಾ’ದ ತಳಕ್ಕೆ ಬಳಿದಿದ್ದ ಬಣ್ಣ ಕೈಕೊಟ್ಟಿತು, ಗೂಸ್ ಬಾರ್ನಕಲ್ ಎಂಬ ಜೀವಿ ಗೊಂಚಲು ಗೊಂಚಲಾಗಿ ಜೋತುಬಿದ್ದಿತು. ನೂರಕ್ಕೂ ಹೆಚ್ಚು ದಿನಗಳನ್ನು ತಿಂದುಹಾಕಿದ್ದು ಅದೇ. ನಿಧಾನವಾದ ದೋಣಿಗೆ ಮುಂದೆ ಬಿರುಗಾಳಿ ಕಂಡರೂ ದಾರಿ ತಪ್ಪಿಸಿ ಓಡುವ ಶಕ್ತಿ ಇರುವುದಿಲ್ಲ. ತಂದ ಅಕ್ಕಿ-ಬೇಳೆಯ ಲೆಕ್ಕವೂ ತಪ್ಪುತ್ತದೆ.

ಇಷ್ಟಕ್ಕೆಲ್ಲ ಕಾರಣನಾದವನು ಯಾರು? ದಂಡೆಗೆ ತೇಲಿಬಂದ ಮರದ ತುಂಡಿನ ಮೇಲೆ ಒಮ್ಮೆ ನಾನು ಇವನನ್ನು ಹತ್ತಿರದಿಂದ ನೋಡಿದ್ದೇನೆ. ಬೆರಳುದ್ದದ, ಕಂದು ಬಣ್ಣದ, ರಬ್ಬರಿನಂಥ ತೊಟ್ಟು. ಅದರ ತುದಿಯಲ್ಲಿ ನೀಲಿ ಛಾಯೆಯ ಐದು ಬಿಳಿ ಫಲಕಗಳು ಸೇರಿ ಆದ ಚಪ್ಪಟೆ ಚಿಪ್ಪು. ಸಮುದ್ರದ ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿದೆ. ಸ್ವಲ್ಪ ಹೊತ್ತಿಗೆ ಚಿಪ್ಪು ಬಿರಿದು, ಒಳಗಿನಿಂದ ಕಪ್ಪು ಗರಿಗಳಂಥವು ಹೊರಬಂದು ನೀರನ್ನು ಬಾಚತೊಡಗಿದವು. ಅವು ಗರಿಗಳಲ್ಲ, ಕಾಲುಗಳು. ಆರು ಜೊತೆ. ಈ ಪ್ರಾಣಿ ತಲೆಯನ್ನು ಮರಕ್ಕೆ ಅಂಟಿಸಿಕೊಂಡು, ಜೀವಮಾನವಿಡೀ ಶೀರ್ಷಾಸನದಲ್ಲೇ ನಿಂತು, ಕಾಲಿನಿಂದ ಊಟವನ್ನು ಬಾಯಿಗೆ ತುಂಬಿಕೊಳ್ಳುತ್ತದೆ.

ಚಿಪ್ಪು ಕಂಡ ಕೂಡಲೇ ಕಪ್ಪೆಚಿಪ್ಪಿನ, ಬಸವನಹುಳುವಿನ ಬಳಗ ಎಂದುಬಿಡುತ್ತೇವೆ. ವಿಜ್ಞಾನಿಗಳೂ 1830ರವರೆಗೆ ಹಾಗೆಯೇ ಅಂದುಕೊಂಡಿದ್ದರು. ಜಾನ್ ವಾನ್ ಥಾಮ್ಸನ್ ಎಂಬ ಸೇನಾ ವೈದ್ಯ ಅದರ ಮರಿಗಳು ಈಜುತ್ತಿದ್ದುದನ್ನು ಹಿಡಿದು, ಬೆಳೆಸಿ ನೋಡಿದ ಮೇಲೆ ಇದು ಸಿಗಡಿ, ಏಡಿಗಳ ದಾಯಾದಿ ಎಂದು ಗೊತ್ತಾಯಿತು. ಆಮೇಲೆ ಚಾರ್ಲ್ಸ್ ಡಾರ್ವಿನ್ 1846ರಿಂದ ಎಂಟು ವರ್ಷ ಬೇರೆಲ್ಲ ಬದಿಗಿಟ್ಟು ಬಾರ್ನಕಲ್ ಕೊಯ್ದು ನೋಡುತ್ತ ಕೂತ. ಹುಟ್ಟಿದಾಗಿನಿಂದ ಅಪ್ಪನನ್ನು ಹಾಗೆಯೇ ಕಂಡಿದ್ದ ಅವನ ಮಗುವೊಂದು, ನೆರೆಮನೆಯ ಯಜಮಾನರು ತಮ್ಮ ಬಾರ್ನಕಲ್ ಕೆಲಸವನ್ನು ಎಲ್ಲಿ ಮಾಡುತ್ತಾರೆ ಎಂದು ಕೇಳಿತ್ತಂತೆ.

ಹೆಸರಿನಲ್ಲಿ ಗೂಸ್, ಅಂದರೆ ಹೆಬ್ಬಾತು, ಏಕೆ ಬಂತು ಎಂಬುದನ್ನು ಹೇಳದೆ ಮುಂದೆ ಹೋದರೆ ನನಗೆ ನಿದ್ದೆ ಬರುವುದಿಲ್ಲ. ಬ್ರಿಟನ್, ಐರ್ಲೆಂಡಿನ ಕರಾವಳಿಗೆ ಚಳಿಗಾಲದಲ್ಲಿ ಕಪ್ಪು-ಬಿಳಿಯ ಒಂದು ಹೆಬ್ಬಾತು ಹಿಂಡುಹಿಂಡಾಗಿ ಬರುತ್ತಿತ್ತು. ಅದರ ಗೂಡನ್ನಾಗಲಿ ಮೊಟ್ಟೆಯನ್ನಾಗಲಿ ಅಲ್ಲಿ ಯಾರೂ ಕಂಡಿರಲಿಲ್ಲ. ಕಾಣುವುದಾದರೂ ಹೇಗೆ, ಅದು ಮೊಟ್ಟೆ ಇಡುವುದು ದೂರದ ಆರ್ಕ್ಟಿಕ್‌ನಲ್ಲಿ. ತೇಲಿಬಂದ ಮರದಲ್ಲಿ ಉದ್ದ ಕತ್ತು, ಬಿಳಿ ಕೊಕ್ಕು, ಒಳಗೆ ಗರಿ ಇರುವ ಈ ಜೀವಿ ಜೋತಾಡುವುದನ್ನು ಕಂಡವರು ಎರಡನ್ನೂ ಗಂಟುಹಾಕಿದರು: ಹೆಬ್ಬಾತು ಮರದಲ್ಲಿ ಕಾಯಿಯಂತೆ ಬಿಡುತ್ತದೆ! 12ನೆಯ ಶತಮಾನದ ಪಾದ್ರಿ ಜೆರಾಲ್ಡ್ ಆಫ್ ವೇಲ್ಸ್ ಇದನ್ನು ಕಣ್ಣಾರೆ ಕಂಡೆನೆಂದೇ ಬರೆದ. ಮಾಂಸದಿಂದ ಹುಟ್ಟಿದ್ದಲ್ಲವೆಂದ ಮೇಲೆ ಉಪವಾಸದ ದಿನವೂ ತಿನ್ನಬಹುದಲ್ಲ? ಕೆಲವು ಧರ್ಮಗುರುಗಳು ಸಂತೋಷವಾಗಿ ತಿಂದರು. ಕೊನೆಗೆ ಪೋಪ್ ಮೂರನೇ ಇನ್ನೊಸೆಂಟ್ ಇದನ್ನು ನಿಷೇಧಿಸಬೇಕಾಯಿತು ಎನ್ನುತ್ತಾರೆ. 13ನೆಯ ಶತಮಾನದ ಚಕ್ರವರ್ತಿ ಎರಡನೇ ಫ್ರೆಡ್ರಿಕ್ ಮಾತ್ರ, ಅಂಥ ಮರದ ತುಂಡು ತರಿಸಿ, ಚಿಪ್ಪು ಬಿಡಿಸಿ ನೋಡಿ, ಇದರಲ್ಲಿ ಹಕ್ಕಿಯ ಕುರುಹೇ ಇಲ್ಲವಲ್ಲ ಎಂದ. ಅವನ ಮಾತನ್ನು ಕೇಳಿದವರು ಕಡಿಮೆ. 1597ರಲ್ಲೂ ಜಾನ್ ಜೆರಾರ್ಡ್ ತನ್ನ ಸಸ್ಯಗ್ರಂಥದಲ್ಲಿ ಬಾತು ಬಿಡುವ ಮರದ ಚಿತ್ರ ಅಚ್ಚುಹಾಕಿಸಿದ್ದ.

ನಗಬೇಡಿ. ಕಡಲಾಮೆಯ ಬೆನ್ನಿನಿಂದ ಚಾಕುವಿನಲ್ಲಿ ಬಾರ್ನಕಲ್ ಕೆರೆದು ತೆಗೆಯುವ ವಿಡಿಯೊಗಳು ನಮ್ಮ ಮೊಬೈಲಿಗೂ ಬರುತ್ತವೆ, ಕೆಳಗೆ ಕೈಮುಗಿಯುವ ಚಿತ್ರಗಳ ಸಮೇತ. ಅದು ಪುಣ್ಯದ ಕೆಲಸವಲ್ಲ. ಬಾರ್ನಕಲ್ ಆಮೆಯ ರಕ್ತ ಹೀರುವುದಿಲ್ಲ, ಅದರ ಮೇಲೆ ಸವಾರಿ ಮಾಡುತ್ತದೆ ಅಷ್ಟೆ. ಮೈತುಂಬ ಬಾರ್ನಕಲ್ ಇದ್ದರೆ ಆಮೆ ಮೊದಲೇ ಕಾಯಿಲೆ ಬಿದ್ದು ನಿಧಾನವಾಗಿದೆ ಎಂದರ್ಥ. ಕಿತ್ತರೆ ಚಿಪ್ಪಿಗೆ ಗಾಯವಾಗುತ್ತದೆ, ಸೋಂಕು ತಗಲುತ್ತದೆ. ಕಡಲಾಮೆಗಳು ಮೊಟ್ಟೆ ಇಡಲು ಬರುವ ನಮ್ಮ ಉತ್ತರ ಕನ್ನಡದ ದಂಡೆಯಲ್ಲಿ ಯಾರಾದರೂ ಈ ಪರೋಪಕಾರಕ್ಕೆ ಇಳಿದರೆ ದಯವಿಟ್ಟು ತಡೆಯಿರಿ.

ಇನ್ನು ಕುಂದಾಪುರದವರ ಪ್ರಶ್ನೆ. ಮೊಟ್ಟೆಯಿಂದ ಹೊರಬಂದ ಮರಿ ಮೊದಲು ಕೆಲವು ವಾರ ಪೊರೆ ಕಳಚುತ್ತ ಈಜಾಡುತ್ತದೆ. ಆಮೇಲೆ ಸಿಪ್ರಿಡ್ ಎಂಬ ವಿಚಿತ್ರ ಹಂತ. ಹೆಚ್ಚೆಂದರೆ ಒಂದೆರಡು ಮಿಲಿಮೀಟರಿನ ಈ ಮರಿ ಏನನ್ನೂ ತಿನ್ನುವುದಿಲ್ಲ. ಮೈಯಲ್ಲಿ ಕೂಡಿಟ್ಟ ಕೊಬ್ಬು ಮುಗಿಯುವುದರೊಳಗೆ ಮನೆ ಹುಡುಕಬೇಕು, ಅದೊಂದೇ ಕೆಲಸ. ನಡುಗಡಲಿನಲ್ಲಿ ಗಟ್ಟಿ ವಸ್ತು ಸಿಗುವುದೇ ಅಪರೂಪ. ಗೂಸ್ ಬಾರ್ನಕಲ್ ಅಂಥ ತೇಲುವ ವಸ್ತುಗಳಿಗೆಂದೇ ಹುಟ್ಟಿದ್ದು. ಅದಕ್ಕೆ ನಿಮ್ಮ ಹಾಯಿದೋಣಿ ತೇಲುವ ಮರದ ದಿಮ್ಮಿಯೇ. ದೋಣಿ ಓಡುತ್ತದೆ ನಿಜ, ಆದರೆ ಭೂಮಧ್ಯರೇಖೆಯ ಸುತ್ತಮುತ್ತ ಗಾಳಿ ಸತ್ತುಹೋಗುವ ಪ್ರದೇಶವಿದೆ. ಅಲ್ಲಿ ಹಾಯಿದೋಣಿ ದಿನಗಟ್ಟಲೆ ತೂಕಡಿಸುತ್ತದೆ. ಓಡುವಾಗಲೂ ತಳಕ್ಕೆ ತಾಗಿಕೊಂಡಿರುವ ನೀರಿನ ತೆಳುವಾದ ಪದರ ದೋಣಿಯ ಜೊತೆಗೇ ಸಾಗುತ್ತಿರುತ್ತದೆ. ಮಿಲಿಮೀಟರಿನ ಜೀವಿಗೆ ಅಷ್ಟು ಮರೆ ಸಾಕು.

ತಳ ಸಿಕ್ಕಿದ ಮೇಲೂ ಸಿಪ್ರಿಡ್ ಆತುರಪಡುವುದಿಲ್ಲ. ಎರಡು ಮೀಸೆಗಳನ್ನು ಕಾಲಿನಂತೆ ಊರಿ, ಹೆಜ್ಜೆ ಹೆಜ್ಜೆಗೂ ಅಂಟಿ ಬಿಡಿಸಿಕೊಳ್ಳುತ್ತ ನಡೆದು ನೋಡುತ್ತದೆ. ಹಿಡಿಸದಿದ್ದರೆ ಈಜಿ ಹೊರಟುಹೋಗುತ್ತದೆ. ಹಿಡಿಸಿತೋ, ತಲೆಯಿಂದ ಗೋಂದು ಸುರಿಸುತ್ತದೆ. ನಾವು ಒದ್ದೆ ಗೋಡೆಗೆ ಒಂದು ಕ್ಯಾಲೆಂಡರನ್ನು ಅಂಟಿಸಲಾರೆವು. ಇದು ಉಪ್ಪುನೀರಿನಲ್ಲಿ ಮುಳುಗಿದ್ದುಕೊಂಡೇ ಅಂಟಿಸುತ್ತದೆ. ಗುಟ್ಟೇನೆಂದು 2014ರಲ್ಲಿ ಬ್ರಿಟನ್ ಮತ್ತು ಅಮೆರಿಕದ ವಿಜ್ಞಾನಿಗಳು ಸಿಪ್ರಿಡ್‌ಗಳ ಗೋಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದರು. ಮೊದಲು ಬರುವುದು ಗೋಂದಲ್ಲ, ಎಣ್ಣೆ. ಕೊಬ್ಬಿನ ಆ ಹನಿ ಮೇಲ್ಮೈಯಲ್ಲಿರುವ ನೀರನ್ನು ಆಚೆ ತಳ್ಳಿ ಜಾಗ ಒಣಗಿಸಿಕೊಡುತ್ತದೆ. ಅದರ ಹಿಂದೆಯೇ ಪ್ರೋಟೀನಿನ ಗೋಂದು ಬಂದು ಗಟ್ಟಿಯಾಗುತ್ತದೆ. 2021ರಲ್ಲಿ ಅಮೆರಿಕದ ಎಂಐಟಿಯ ಎಂಜಿನಿಯರುಗಳು ಈ ಉಪಾಯವನ್ನು ಎರವಲು ಪಡೆದು ಒಂದು ಲೇಪ ಮಾಡಿದರು. ಅದರ ಎಣ್ಣೆ ರಕ್ತವನ್ನು ಬದಿಗೆ ಸರಿಸುತ್ತದೆ, ಅಂಟಿನ ಕಣಗಳು ಗಾಯವನ್ನು ಹಿಡಿಯುತ್ತವೆ. ಇಲಿ, ಹಂದಿಗಳಲ್ಲಿ ಅದು ಅರ್ಧ ನಿಮಿಷದೊಳಗೆ ರಕ್ತಸ್ರಾವ ನಿಲ್ಲಿಸಿತು.

ಒಂದು ಬಂದರೆ ಹಿಂದೆಯೇ ನೂರು ಬರುತ್ತವೆ. ಸಿಪ್ರಿಡ್ ನಡೆದಲ್ಲೆಲ್ಲ ಹೆಜ್ಜೆಗುರುತಿನಂತೆ ಪ್ರೋಟೀನ್ ಉಳಿಯುತ್ತದೆ, ಮುಂದಿನವು ಆ ವಾಸನೆ ಹಿಡಿದು ಅಲ್ಲೇ ಇಳಿಯುತ್ತವೆ. ಇದಕ್ಕೆ ಕಾರಣ ಸಂಸಾರ. ಬಾರ್ನಕಲ್‌ಗಳಲ್ಲಿ ಹೆಚ್ಚಿನವು ಗಂಡೂ ಹೌದು, ಹೆಣ್ಣೂ ಹೌದು. ಆದರೂ ಕೂಡಲು ಇನ್ನೊಂದು ಬೇಕು, ತಲೆ ಅಂಟಿರುವುದರಿಂದ ಹೋಗುವಂತಿಲ್ಲ. ಪ್ರಕೃತಿ ಮಾಡಿದ ಏರ್ಪಾಡು ಏನೆಂದರೆ, ಮೈಯಳತೆಗೆ ಹೋಲಿಸಿದರೆ ಇಡೀ ಪ್ರಾಣಿಲೋಕದಲ್ಲೇ ಅತಿ ಉದ್ದದ ಶಿಶ್ನ ಬಾರ್ನಕಲ್‌ಗಳದ್ದು; ಕೆಲವು ಪ್ರಭೇದಗಳಲ್ಲಿ ದೇಹದ ಎಂಟು ಪಟ್ಟು. ಎಷ್ಟೇ ಉದ್ದವಿದ್ದರೂ ನೆರೆಹೊರೆ ಹತ್ತಿರವಿರಲೇಬೇಕಲ್ಲ.

ಹಾಗೆ ಕೂಡಿಕೊಂಡ ಊರನ್ನು ಎಳೆದುಕೊಂಡು ಹೋಗುವ ಕಷ್ಟ ದೋಣಿಯದು. 2007ರ ಒಂದು ಅಧ್ಯಯನದ ಲೆಕ್ಕದಂತೆ, ತಳದಲ್ಲಿ ದಟ್ಟವಾಗಿ ಚಿಪ್ಪು ಕಟ್ಟಿದ ಯುದ್ಧನೌಕೆ ಅದೇ ವೇಗದಲ್ಲಿ ಸಾಗಲು ಶೇ 86ರವರೆಗೆ ಹೆಚ್ಚು ಶಕ್ತಿ ಬೇಕು. ಯುದ್ಧನೌಕೆ ಡೀಸೆಲ್ ಸುಡಬಹುದು. ಹಾಯಿದೋಣಿಗೆ ಗಾಳಿ ಕೊಟ್ಟಷ್ಟೇ.

ಪರಿಹಾರಗಳ ಕತೆಯೂ ತಮಾಷೆಯದೇ. ಬ್ರಿಟಿಷ್ ನೌಕಾಪಡೆ 18ನೆಯ ಶತಮಾನದಲ್ಲಿ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿತು. ಮರ ಕೊರೆಯುವ ಹುಳವೂ ದೂರ, ಬಾರ್ನಕಲ್ಲೂ ದೂರ. ಆದರೆ ತಾಮ್ರ ಸವೆದು ದುಡ್ಡು ಸಮುದ್ರದ ಪಾಲಾಗುತ್ತಿತ್ತು. 1824ರಲ್ಲಿ ಹಂಫ್ರಿ ಡೇವಿ ತಾಮ್ರಕ್ಕೆ ಅಲ್ಲಲ್ಲಿ ಕಬ್ಬಿಣದ ತುಂಡು ಜೋಡಿಸಿದ. ಕಬ್ಬಿಣ ಸವೆಯಿತು, ತಾಮ್ರ ಉಳಿಯಿತು. ವಿಜ್ಞಾನ ಗೆದ್ದಿತು, ಬಾರ್ನಕಲ್ ವಾಪಸು ಬಂತು! ತಾಮ್ರ ಕರಗಿ ನೀರಿಗೆ ವಿಷ ಬಿಡುತ್ತಿದ್ದುದರಿಂದಲೇ ಅದು ದೂರವಿದ್ದದ್ದು. ಆಮೇಲೆ 1960ರ ದಶಕದಲ್ಲಿ ಬಂದ ತವರದ ಸಂಯುಕ್ತದ ಬಣ್ಣ ಎಷ್ಟು ಪರಿಣಾಮಕಾರಿಯೆಂದರೆ ಬಂದರುಗಳ ಹೆಣ್ಣು ಶಂಖದ ಹುಳುಗಳಿಗೆ ಗಂಡಿನ ಅಂಗ ಬೆಳೆಯತೊಡಗಿತು. 2008ರಿಂದ ಆ ಬಣ್ಣಕ್ಕೆ ಅಂತರರಾಷ್ಟ್ರೀಯ ನಿಷೇಧವಿದೆ. ನಮ್ಮ ಕರಾವಳಿಯ ಮರದ ದೋಣಿಗಳಿಗೆ ಬಳಿಯುತ್ತಿದ್ದ ಗೇರೆಣ್ಣೆಯನ್ನು ಇಲ್ಲಿ ನೆನೆಯಲೇಬೇಕು. ಜೂನ್, ಜುಲೈನ ಮೀನುಗಾರಿಕೆ ರಜೆಯಲ್ಲಿ ಮಲ್ಪೆಯ ದಕ್ಕೆಯ ಕಡೆ ಹೋದರೆ ಬೋಟುಗಳನ್ನು ಮೇಲೆಳೆದು, ಅಡಿ ಕೆರೆದು ಬಣ್ಣ ಹೊಡೆಯುವುದನ್ನು ಕಾಣಬಹುದು. ಕೆರೆಯುವ ಸದ್ದು ಹಲ್ಲು ಜುಮ್ಮೆನಿಸುವಂಥದ್ದು.

ಗೋಲ್ಡನ್ ಗ್ಲೋಬಿನ ನಾವಿಕರಿಗೆ ದಕ್ಕೆ ಇಲ್ಲ. ಬಂದರಿಗೆ ಹೋಗಿ ತಳ ಕೆರೆಸಿಕೊಂಡರೆ ಮುಖ್ಯ ಸ್ಪರ್ಧೆಯಿಂದ ಹೊರಗೆ. ಉಳಿದ ದಾರಿ ಒಂದೇ: ಗಾಳಿ ನಿಂತಾಗ ಹಾಯಿ ಇಳಿಸಿ, ಕೆರೆಯುವ ಸಲಕರಣೆ ಹಿಡಿದು, ಒಬ್ಬರೇ ಸಮುದ್ರಕ್ಕೆ ಧುಮುಕುವುದು. ಅಲೆಗೆ ಏಳುತ್ತ ಬೀಳುತ್ತ ಇರುವ ಹಲವು ಟನ್ನಿನ ದೋಣಿಯ ತಳದ ಕೆಳಗೆ ಉಸಿರು ಹಿಡಿದು ಕೆರೆಯಬೇಕು, ಶಾರ್ಕ್ ಬಂತೇ ಎಂದು ಬೆನ್ನ ಹಿಂದೆಯೂ ನೋಡುತ್ತಿರಬೇಕು. 1968ರಲ್ಲಿ ನಾಕ್ಸ್-ಜಾನ್‌ಸ್ಟನ್ ತಳದ ಸೋರಿಕೆ ಮುಚ್ಚಲು ಇಳಿದಿದ್ದಾಗ ಶಾರ್ಕ್ ಬಂದು, ಮೇಲೆ ಹತ್ತಿ ಅದನ್ನು ಗುಂಡಿಕ್ಕಿ ಕೊಂದು ಮತ್ತೆ ನೀರಿಗಿಳಿದಿದ್ದರು. 2022ರ ಸ್ಪರ್ಧೆಯಲ್ಲಿ ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ನೀರಿಗೆ ಧುಮುಕಿ ತಳ ಶುಚಿ ಮಾಡಿಕೊಳ್ಳುತ್ತಲೇ ಇದ್ದರು. ದಾರಿಯಲ್ಲಿ ಲೆಹ್ಟಿನೆನ್‌ರ ದೋಣಿ ಮುಳುಗಿದಾಗ ತೆಪ್ಪದಲ್ಲಿದ್ದ ಅವರನ್ನು ಎತ್ತಿಕೊಂಡವರೂ ಆಕೆಯೇ. ಹೊರಟವರು ಹದಿನಾರು ಮಂದಿ. ಮುಖ್ಯ ಸ್ಪರ್ಧೆಯನ್ನು ಪೂರೈಸಿದವರು ಮೂವರು: ಕರ್ಸ್ಟನ್ ಮೊದಲಿಗರು, ನಮ್ಮ ಅಭಿಲಾಷ್ ಎರಡನೆಯವರು.

ಇದೇ ಜೀವಿ ಸಾಕ್ಷಿಯನ್ನೂ ಹೇಳುತ್ತದೆ. 2014ರಲ್ಲಿ ಕಾಣೆಯಾದ ಮಲೇಷ್ಯಾದ ಎಂಎಚ್370 ವಿಮಾನದ ರೆಕ್ಕೆಯ ಭಾಗವೊಂದು ಮರುವರ್ಷ ರಿಯೂನಿಯನ್ ದ್ವೀಪದಲ್ಲಿ ದಡ ಸೇರಿದಾಗ ಮೈತುಂಬ ಗೂಸ್ ಬಾರ್ನಕಲ್ ಇದ್ದವು. ಚಿಪ್ಪು ಬೆಳೆಯುವಾಗ ಆಯಾ ದಿನದ ನೀರಿನ ಬಿಸಿ ಅದರ ಆಕ್ಸಿಜನ್ನಿನಲ್ಲಿ ದಾಖಲಾಗುತ್ತದೆ. ಫ್ಲಾರಿಡಾದ ವಿಜ್ಞಾನಿಗಳು 2023ರಲ್ಲಿ ಆ ದಾಖಲೆಯನ್ನು ಓದಿ, ತುಂಡು ತೇಲಿಬಂದ ದಾರಿಯ ಕೊನೆಯ ಭಾಗವನ್ನು ಗುರುತಿಸುವ ವಿಧಾನ ತೋರಿಸಿದರು. ಆದರೆ ಅವರಿಗೆ ಸಿಕ್ಕಿದ್ದು ಎಳೆಯ ಚಿಪ್ಪುಗಳು. ಇಡೀ ದಾರಿ ತಿಳಿಯಲು ದೊಡ್ಡ ಚಿಪ್ಪುಗಳು ಬೇಕು.

ಮಳೆಗಾಲದಲ್ಲಿ ನಿಮ್ಮೂರ ದಂಡೆಗೂ ಮರ, ಬಾಟಲಿ, ಬಲೆಯ ತೇಲುಗುಂಡುಗಳ ಮೇಲೆ ಇವು ಬಂದು ಬೀಳುತ್ತವೆ. ಕಂಡರೆ ಒಂದು ಬಕೆಟ್ ಸಮುದ್ರದ ನೀರಿನಲ್ಲಿಟ್ಟು, ಅಲುಗಾಡಿಸದೆ ಸ್ವಲ್ಪ ಹೊತ್ತು ಕಾಯಿರಿ. ಮನೆಯ ಮಕ್ಕಳನ್ನೂ ಕರೆಯಿರಿ. ಬಂಡೆಯ ಮೇಲಿನ ಇವುಗಳ ದಾಯಾದಿಯನ್ನು ನೋಡಲು ಹೋಗುವುದಾದರೆ ಮಾತ್ರ ಚಪ್ಪಲಿ ಹಾಕಿಕೊಂಡೇ ಹೋಗಿ. ಆ ಅಂಚುಗಳು ಬ್ಲೇಡಿಗಿಂತ ಹರಿತ.