ಕುಚ್ಚು ಮೀನಿಗೆ ಮುಚ್ಚಳ ಬೇಕೆ?

ಪ್ರಶ್ನೆ: ಶಿಕಾರಿಪುರದ ಗದ್ದೆ ಕಾಲುವೆಯಲ್ಲಿ ಸಿಕ್ಕ ಕುಚ್ಚು ಮೀನಿನ ಮರಿಯನ್ನು ಗಾಜಿನ ತೊಟ್ಟಿಯಲ್ಲಿ ಸಾಕಿದ್ದೇನೆ. ರಾತ್ರಿ ಹಾರಿ ನೆಲಕ್ಕೆ ಬೀಳುತ್ತದೆ. ಏಕೆ?
– ಓದುಗರು, ಸೊರಬ

ಉತ್ತರ: ಅದು ಹುಟ್ಟುಗುಣ. ಮುಂಗಾರಿನ ಹೊಸನೀರಿಗೆ ಎದುರಾಗಿ ಹಳ್ಳದಿಂದ ಗದ್ದೆಗೆ ಏರುವ ಹತ್ತುಮೀನುಗಳನ್ನು ನಿಮ್ಮ ಕಡೆ ನೋಡದವರಾರು? ಕುಚ್ಚಿಗೆ ಕಿವಿರಿನ ಜೊತೆಗೆ ತಲೆಯೊಳಗೆ ಗಾಳಿ ಹೀರುವ ಅಂಗವೂ ಉಂಟು. ಮೈ ಒದ್ದೆಯಿದ್ದರೆ ನೆಲದ ಮೇಲೂ ಕೆಲಹೊತ್ತು ಬದುಕೀತು. ನೀರು ಕೆಟ್ಟರೂ ಹಾರುತ್ತದೆ, ಬೆದರಿದರೂ ಹಾರುತ್ತದೆ. ಬಲೆಯ ಮುಚ್ಚಳ ಹಾಕಿ ಮೇಲೊಂದು ಭಾರ ಇಡಿ. ಪೈಪು ತೂರಿಸಿದ ಸಂದನ್ನೂ ಬಿಡಬೇಡಿ. ಆದರೆ ನೀರನ್ನು ಅಂಚಿನವರೆಗೆ ತುಂಬಬೇಡಿ. ಮೇಲೆ ಬಂದು ಗಾಳಿ ನುಂಗಲಾಗದಿದ್ದರೆ, ತಮಾಷೆಯೆನಿಸಿದರೂ ನಿಜ, ಈ ಮೀನು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ.